ಗ್ರಾಹಕರಿಗೆ ಕೊಡುವ ಡಿಸ್ಕ್ ಮೇಲೆ ಬಣ್ಣದ ವಿನ್ಯಾಸ ಮುದ್ರಿಸುವುದು ಹೇಗೆ?

ವಾರಗಟ್ಟಲೆ ಕೂತು ಎಡಿಟ್ ಮಾಡಿದ ಫೋಟೋಗಳನ್ನು ಡಿಸ್ಕಿಗೆ ಹಾಕಿ, ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದು ಕೊಟ್ಟರೆ ಅಷ್ಟೂ ಕೆಲಸದ ಕಳೆ ಹೋಗುತ್ತದೆ. ಹಾಗೆಂದು ಕಾಗದದ ಸ್ಟಿಕ್ಕರ್ ಅಂಟಿಸಿದರೆ ಡಿಸ್ಕ್ ಓಡದೇ ಹೋಗುವ ಭಯ. ‘ಕಂಪನಿಯಿಂದ ಬಂದ ಡಿಸ್ಕಿನ ಹಾಗೆ ಕಾಣಬೇಕು, ಆದರೆ ನಮ್ಮ ಸ್ಟುಡಿಯೋದಲ್ಲೇ ಹತ್ತು ಇಪ್ಪತ್ತು ಪ್ರತಿ ತೆಗೆಯುವಂತಿರಬೇಕು, ಇದಕ್ಕೆ ಏನೇನು ಬೇಕು?’ ಎಂದು ಫೋಟೋಗ್ರಾಫರುಗಳು ಪದೇ ಪದೇ ಕೇಳುತ್ತಾರೆ. ಪ್ರಿಂಟರ್ ಆರಿಸುವುದರಿಂದ ಹಿಡಿದು ಕವರ್‌ಗೆ ಹಾಕುವವರೆಗಿನ ದಾರಿ ಇಲ್ಲಿದೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಡಿಸ್ಕ್ ಮೊದಲು ಫೋಟೋಗಳನ್ನು ಕಾಯುವ ಪೆಟ್ಟಿಗೆ, ಚೆಂದದ ಮಾತು ಆಮೇಲೆ. ಮೇಲಿನ ಬಣ್ಣಕ್ಕೋಸ್ಕರ ಒಳಗಿನ ಫೋಟೋಗಳಿಗೆ ಪೆಟ್ಟು ಬೀಳುವ ಕೆಲಸ ಯಾವುದನ್ನೂ ಮಾಡಬೇಡಿ. ಕೆಳಗಿನ ಎಚ್ಚರಿಕೆಗಳಲ್ಲಿ ಅರ್ಧಕ್ಕರ್ಧ ಇದೇ ಕಾರಣಕ್ಕೆ ಬಂದಿವೆ.

ಯಾವ ವಿಧಾನ ಸರಿ?

ಹತ್ತಿಪ್ಪತ್ತು ಪ್ರತಿ ಸಾಕು, ಪ್ರತಿ ಗ್ರಾಹಕರಿಗೂ ಬೇರೆ ಫೋಟೋ ಬೇಕು ಅನ್ನುವವರಿಗೆ ಇಂಕ್‌ಜೆಟ್ ಪ್ರಿಂಟರಿನಲ್ಲಿ ನೇರವಾಗಿ ಡಿಸ್ಕಿನ ಮೇಲೆ ಮುದ್ರಿಸುವುದೇ ಸರಿಯಾದ ವಿಧಾನ. ಈ ಬರಹ ಇರುವುದು ಅದರ ಬಗ್ಗೆಯೇ. ನೂರಾರು ಪ್ರತಿಗೆ ಒಂದೇ ವಿನ್ಯಾಸ ಸಾಕಾದರೆ ಸ್ಕ್ರೀನ್ ಪ್ರಿಂಟಿಂಗ್ ಅಥವಾ ಆಫ್‌ಸೆಟ್ ಮಾಡುವವರಿಗೆ ಕೊಡಿ. ಡಿಸ್ಕನ್ನೇ ಲೇಸರ್‌ನಿಂದ ಸುಟ್ಟು ಚಿತ್ರ ಮೂಡಿಸುವ ಲೈಟ್‌ಸ್ಕ್ರೈಬ್ 2004ರ ಸುಮಾರಿಗೆ ಬಂದಿತ್ತು. ಅದರಲ್ಲಿ ಬಣ್ಣವೇ ಬರುತ್ತಿರಲಿಲ್ಲ, ಬೂದು ಛಾಯೆ ಮಾತ್ರ. ಈಗ ಅದರ ಹಿಂದೆ ಬೀಳಬೇಡಿ.

ಕಾಗದದ ಸ್ಟಿಕ್ಕರ್ ಮಾತ್ರ ಬೇಡವೇ ಬೇಡ. 16ಎಕ್ಸ್ ವೇಗದಲ್ಲಿ ಓಡುವ ಡಿವಿಡಿ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಸ್ಟಿಕ್ಕರ್ ಒಂದು ಮಿಲಿಮೀಟರ್ ಓರೆಯಾಗಿ ಕೂತರೂ ತೂಕ ಒಂದು ಕಡೆಗೆ ವಾಲಿ ಡಿಸ್ಕ್ ಅದುರುತ್ತದೆ, ಲೇಸರ್ ಸಾಲು ತಪ್ಪುತ್ತದೆ. ಕಾಗದ ತೇವ ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಜೊತೆಗೆ ಡಿಸ್ಕನ್ನೂ ಬಗ್ಗಿಸುತ್ತದೆ. ಡ್ರೈವ್ ಬಿಸಿಯಾದಾಗ ಅಂಟು ಸಡಿಲಗೊಂಡು, ಬಾಯಿಯಿಂದ ನುಂಗುವ ಮಾದರಿಯ ಡ್ರೈವ್‌ನೊಳಗೆ ಡಿಸ್ಕ್ ಸಿಕ್ಕಿಕೊಂಡರೆ ಅದು ಗ್ರಾಹಕರ ಮನೆಯ ಡ್ರೈವ್ ಆಗಿರುತ್ತದೆ ಅನ್ನುವುದು ನೆನಪಿರಲಿ. ಈಗಾಗಲೇ ಅಂಟಿಸಿರುವುದನ್ನು ಕೀಳಲೂ ಹೋಗಬೇಡಿ. ಸಿಡಿಯಾಗಿದ್ದರೆ ಮಾಹಿತಿಯ ಪದರವೇ ಸ್ಟಿಕ್ಕರ್ ಜೊತೆ ಎದ್ದು ಬರಬಹುದು.

ಬೇಕಾಗುವ ಸಾಮಾನು

ಮೊದಲಿಗೆ ಡಿಸ್ಕ್ ಮೇಲೆ ಮುದ್ರಿಸಬಲ್ಲ ಪ್ರಿಂಟರ್. ಎಲ್ಲ ಇಂಕ್‌ಜೆಟ್‌ಗಳಿಗೂ ಇದು ಆಗುವುದಿಲ್ಲ. ಡಿಸ್ಕ್ ಕೂರಿಸುವ ಟ್ರೇ, ಅದು ಬಾಗದೆ ನೇರವಾಗಿ ಒಳಹೋಗುವ ದಾರಿ ಎರಡೂ ಇರಬೇಕು. ಎಪ್ಸನ್‌ನಲ್ಲಿ ಎಲ್805, ಎಲ್850, ಎಲ್8050 ಮಾದರಿಗಳಲ್ಲಿ ಈ ಸೌಲಭ್ಯವಿದೆ. ಕ್ಯಾನನ್‌ನಲ್ಲಿ ಟಿಎಸ್8300 ಸರಣಿಯಲ್ಲಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಟ್ರೇ ಜೊತೆಗಿದೆಯೇ ಎಂದು ಮೊದಲು ನೋಡಿ. ಒಂದು ಮಾದರಿಯ ಟ್ರೇ ಇನ್ನೊಂದಕ್ಕೆ ಹೊಂದುವುದಿಲ್ಲ. ಕ್ಯಾನನ್ ಟ್ರೇಗಳ ಮೇಲೆ ಒಂದು ಅಕ್ಷರ ಗುರುತು ಇರುತ್ತದೆ, ಆ ಅಕ್ಷರ ನಿಮ್ಮ ಪ್ರಿಂಟರಿನ ಕೈಪಿಡಿಯಲ್ಲಿ ಹೇಳಿದ್ದೇ ಆಗಿರಬೇಕು.

ಎರಡನೆಯದು ‘ಇಂಕ್‌ಜೆಟ್ ಪ್ರಿಂಟೆಬಲ್’ ಎಂದು ಪೊಟ್ಟಣದ ಮೇಲೆ ಬರೆದಿರುವ ಡಿಸ್ಕ್. ಇದರ ಮೇಲ್ಬದಿಯಲ್ಲಿ ಶಾಯಿ ಹೀರುವ ತೆಳು ಲೇಪನವಿರುತ್ತದೆ. ಸಾಮಾನ್ಯ ಡಿಸ್ಕಿನ ಮೇಲೆ ಮುದ್ರಿಸಿದರೆ ಶಾಯಿ ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಗಟ್ಟಿ ನಿಲ್ಲುತ್ತದೆ, ಎಷ್ಟು ದಿನ ಬಿಟ್ಟರೂ ಒಣಗುವುದಿಲ್ಲ. ‘ಥರ್ಮಲ್ ಪ್ರಿಂಟೆಬಲ್’ ಎಂಬ ಡಿಸ್ಕುಗಳೂ ಇವೆ. ನೋಡಲು ಹಾಗೇ ಬೆಳ್ಳಗಿದ್ದರೂ ಅವು ಬೇರೆ ಬಗೆಯ ಪ್ರಿಂಟರಿಗೆ. ಕೊಳ್ಳುವಾಗ ಈ ಒಂದು ಪದ ಓದದೆ ಐವತ್ತರ ಕಟ್ಟು ತಂದವರು ಬಹಳ ಮಂದಿ.

ಇವುಗಳ ಜೊತೆಗೆ ವಿನ್ಯಾಸ ಮಾಡಲು ಫೋಟೋಶಾಪ್ ಅಥವಾ ಜಿಂಪ್, ಮುದ್ರಿಸಲು ಪ್ರಿಂಟರ್ ಕಂಪನಿಯದೇ ಸಾಫ್ಟ್‌ವೇರ್ ಬೇಕು. ಎಪ್ಸನ್‌ನಲ್ಲಿ ಪ್ರಿಂಟ್ ಸಿಡಿ ಅಥವಾ ಹೊಸದಾದ ಫೋಟೋ ಪ್ಲಸ್, ಕ್ಯಾನನ್‌ನಲ್ಲಿ ಈಸಿ ಫೋಟೋಪ್ರಿಂಟ್ ಎಡಿಟರ್. ಒಂದು ಸ್ಕೇಲ್, ನೂಲು ಬಿಡದ ಮೆತ್ತನೆ ಬಟ್ಟೆ, ಬರ್ನ್, ಅಂದರೆ ಡಿಸ್ಕಿಗೆ ಫೈಲ್ ಬರೆಯುವ ಕೆಲಸ, ಕೆಟ್ಟು ಮೂಲೆಗೆ ಬಿದ್ದಿರುವ ನಾಲ್ಕೈದು ಪ್ರಿಂಟೆಬಲ್ ಡಿಸ್ಕುಗಳೂ ಹತ್ತಿರವಿರಲಿ. ಕೆಟ್ಟ ಡಿಸ್ಕುಗಳನ್ನು ಎಸೆಯಬೇಡಿ, ಪರೀಕ್ಷಾ ಮುದ್ರಣಕ್ಕೆ ಅವುಗಳಷ್ಟು ಒಳ್ಳೆಯ ಸಾಮಗ್ರಿ ಇಲ್ಲ.

ಹಂತ 1: ಡಿಸ್ಕಿನ ಮೇಲ್ಮೈ ಆರಿಸಿ

ಬಿಳಿ ಮ್ಯಾಟ್, ಬಿಳಿ ಗ್ಲಾಸಿ, ಬೆಳ್ಳಿ ಬಣ್ಣ ಎಂದು ಮೂರು ಬಗೆಯ ಮೇಲ್ಮೈ ಸಿಗುತ್ತವೆ. ಮನುಷ್ಯರ ಮುಖ ಬರುವ ವಿನ್ಯಾಸಕ್ಕೆ ಬಿಳಿಯದನ್ನೇ ತೆಗೆದುಕೊಳ್ಳಿ. ಈ ಪ್ರಿಂಟರುಗಳಲ್ಲಿ ಬಿಳಿ ಶಾಯಿ ಇರುವುದಿಲ್ಲ, ಚಿತ್ರದ ಬಿಳಿ ಭಾಗ ಎಂದರೆ ಅಲ್ಲಿ ಶಾಯಿ ಬೀಳುವುದಿಲ್ಲ ಅಷ್ಟೇ. ಬೆಳ್ಳಿ ಡಿಸ್ಕಿನಲ್ಲಿ ಆ ಜಾಗವೆಲ್ಲ ಬೆಳ್ಳಿಯಾಗಿ ಉಳಿಯುತ್ತದೆ. ಮದುವಣಗಿತ್ತಿಯ ಹಲ್ಲು, ಕಣ್ಣಿನ ಬಿಳಿ, ಮೈಬಣ್ಣ ಎಲ್ಲವೂ ತಗಡಿನ ಬಣ್ಣಕ್ಕೆ ತಿರುಗುತ್ತವೆ. ಬರೀ ಲೋಗೋ ಮತ್ತು ಅಕ್ಷರಗಳಿರುವ ವಿನ್ಯಾಸಕ್ಕಾದರೆ ಬೆಳ್ಳಿ ಮೇಲ್ಮೈ ಚೆನ್ನಾಗಿಯೇ ಒಪ್ಪುತ್ತದೆ.

ಗ್ಲಾಸಿಯಲ್ಲಿ ಬಣ್ಣಕ್ಕೆ ಫೋಟೋ ಪೇಪರಿನ ಆಳ ಬರುತ್ತದೆ. ‘ನೀರು ತಡೆಯುವ’ ಎಂದು ಹೇಳಿಕೊಳ್ಳುವ ಡಿಸ್ಕುಗಳು ಸಾಮಾನ್ಯವಾಗಿ ಈ ಗುಂಪಿನವೇ. ಬೆಲೆ ಹೆಚ್ಚು, ಆದರೆ ಗ್ರಾಹಕರ ಒದ್ದೆ ಕೈ ತಗುಲಿದಾಗ ಚಿತ್ರ ಉಳಿಯುವುದು ಇದರಲ್ಲಿ. ಮ್ಯಾಟ್ ಬೇಗ ಒಣಗುತ್ತದೆ, ಬೆರಳಚ್ಚು ಕಾಣಿಸುವುದಿಲ್ಲ. ಆದರೆ ಡೈ ಶಾಯಿಯಲ್ಲಿ, ಅಂದರೆ ನೀರಿನಲ್ಲಿ ಪೂರ್ತಿ ಕರಗಿರುವ ಬಣ್ಣದಲ್ಲಿ ಮುದ್ರಿಸಿದ್ದರೆ ಒಂದು ಹನಿ ನೀರು ಬಿದ್ದರೂ ಕಲೆಯಾಗುತ್ತದೆ. ಇದನ್ನು ಗ್ರಾಹಕರಿಗೂ ಹೇಳಿ. ಡೈಗೆ ಬದಲು ಪಿಗ್ಮೆಂಟ್ ಶಾಯಿಯ ಪ್ರಿಂಟರ್ ನಿಮ್ಮದಾದರೆ, ಅದರ ಕಣಗಳು ಮೇಲ್ಮೈ ಮೇಲೆ ಕೂರುತ್ತವೆ. ನೀರಿಗೆ ಹೆಚ್ಚು ತಡೆಯುತ್ತವೆ, ಗ್ಲಾಸಿ ಡಿಸ್ಕಿನ ಮೇಲೆ ಮಾತ್ರ ಉಜ್ಜಿದರೆ ಕಿತ್ತು ಬರಬಹುದು.

ಡಿಸ್ಕಿನ ಬಗೆಯ ಬಗ್ಗೆಯೂ ಒಂದಿಷ್ಟು ಗೊತ್ತಿರಬೇಕು. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಲೇಬಲ್ ಬದಿಯಲ್ಲೇ, ತೆಳುವಾದ ಲ್ಯಾಕರ್‌ನ ಕೆಳಗೆ. ಮೇಲೆ ಬಿದ್ದ ಗೀರು ನೇರವಾಗಿ ಫೋಟೋಗಳಿಗೇ ತಾಗುತ್ತದೆ. ಡಿವಿಡಿಯಲ್ಲಿ 0.6 ಮಿ.ಮೀ. ದಪ್ಪದ ಎರಡು ಹಾಳೆಗಳ ನಡುವೆ ಮಾಹಿತಿ ಭದ್ರವಾಗಿರುತ್ತದೆ. ಬ್ಲೂ-ರೇಯಲ್ಲಿ ಅದು ಓದುವ ಬದಿಯಿಂದ ಕೇವಲ 0.1 ಮಿ.ಮೀ. ಒಳಗಿರುತ್ತದೆ, ಹಾಗಾಗಿ ಕೆಳಬದಿಯ ಬಗ್ಗೆ ಹೆಚ್ಚು ಜೋಪಾನ. ಸಿಡಿಗೆ 700 ಎಂಬಿ, ಡಿವಿಡಿಗೆ 4.7 ಜಿಬಿ, ಬ್ಲೂ-ರೇಗೆ 25 ಜಿಬಿ ಹಿಡಿಯುತ್ತದೆ. ಡಿವಿಡಿಯ 4.7 ವಿಂಡೋಸ್‌ನಲ್ಲಿ 4.38 ಎಂದು ಕಾಣುತ್ತದೆ. ಎಣಿಸುವ ರೀತಿ ಬೇರೆ, ಡಿಸ್ಕ್ ಕೆಟ್ಟಿದ್ದಲ್ಲ.

ಹಂತ 2: ಅಳತೆ ತೆಗೆದುಕೊಳ್ಳಿ

ಹೆಚ್ಚಿನ ಎಡವಟ್ಟುಗಳು ಹುಟ್ಟುವುದು ಇಲ್ಲೇ. ಡಿಸ್ಕಿನ ಹೊರ ವ್ಯಾಸ 120 ಮಿ.ಮೀ., ನಡುವಿನ ತೂತು 15 ಮಿ.ಮೀ. ಇವೆರಡರ ನಡುವೆ ಎಲ್ಲಿಂದ ಎಲ್ಲಿಯವರೆಗೆ ಬಿಳಿ ಲೇಪನವಿದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹಳೆಯ ಮಾದರಿಯ ಡಿಸ್ಕಿನಲ್ಲಿ ಲೇಪನ ಒಳಗೆ 46 ಮಿ.ಮೀ. ಸುಮಾರಿನ ವ್ಯಾಸದಿಂದ ಶುರುವಾಗಿ 116 ಅಥವಾ 118ರವರೆಗೆ ಇರುತ್ತದೆ. ‘ಹಬ್ ಪ್ರಿಂಟೆಬಲ್’ ಅಥವಾ ‘ವೈಡ್’ ಎಂಬ ಮಾದರಿಯಲ್ಲಿ 23 ಮಿ.ಮೀ. ಸುಮಾರಿನಿಂದಲೇ ಶುರು. ಹಬ್ ಎಂದರೆ ತೂತಿನ ಸುತ್ತಲಿನ ಪಾರದರ್ಶಕ ಉಂಗುರ. ಕಂಪನಿ ಡಿಸ್ಕಿನ ಹಾಗೆ ಕಾಣಬೇಕಾದರೆ ಹಬ್ ಪ್ರಿಂಟೆಬಲ್ ತೆಗೆದುಕೊಳ್ಳಿ. ನಡುವೆ ದೊಡ್ಡ ಖಾಲಿ ಬಳೆ ಉಳಿದರೆ ಎಷ್ಟು ಒಳ್ಳೆಯ ವಿನ್ಯಾಸವೂ ಮನೆಯಲ್ಲಿ ಮಾಡಿದ್ದೆಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಪೊಟ್ಟಣದ ಮೇಲಿನ ಅಂಕಿಯನ್ನೇ ನೆಚ್ಚದೆ ಸ್ಕೇಲ್ ಇಟ್ಟು ಅಳೆಯಿರಿ. ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಲೇಪನದ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಆ ಎರಡು ವ್ಯಾಸಗಳನ್ನು ಪ್ರಿಂಟರ್ ಸಾಫ್ಟ್‌ವೇರಿನಲ್ಲಿ ‘ಇನ್ನರ್’ ಮತ್ತು ‘ಔಟರ್ ಡಯಾಮೀಟರ್’ ಎಂಬ ಜಾಗದಲ್ಲಿ ತುಂಬಬೇಕು. ಎಪ್ಸನ್ ಪ್ರಿಂಟ್ ಸಿಡಿಯಲ್ಲಿ ಮೊದಲೇ 43 ಮತ್ತು 116 ಎಂದು ಇರುತ್ತದೆ. ಹಬ್ ಪ್ರಿಂಟೆಬಲ್ ಡಿಸ್ಕ್ ಹಾಕಿಯೂ ನಡುವೆ ಬಿಳಿ ಉಂಗುರ ಉಳಿಯುತ್ತಿದೆ ಎನ್ನುವವರು ಈ 43ನ್ನು ಬದಲಿಸಿರುವುದಿಲ್ಲ. ಹಾಗೆಂದು ಲೇಪನಕ್ಕಿಂತ ಹೊರಗೆ ಹೋಗುವ ಅಂಕಿ ಕೊಡಬೇಡಿ. ಬರಿಯ ಪ್ಲಾಸ್ಟಿಕ್ಕಿನ ಮೇಲೆ ಬಿದ್ದ ಶಾಯಿ ಒಣಗದೆ ಟ್ರೇಗೆ ಮೆತ್ತಿಕೊಂಡು, ಮುಂದಿನ ಡಿಸ್ಕಿನ ಓದುವ ಬದಿಗೆ ಅಂಟುತ್ತದೆ. ಅಳೆದದ್ದಕ್ಕಿಂತ ಒಳಗೆ ಒಂದು, ಹೊರಗೆ ಒಂದು ಮಿ.ಮೀ. ಬಿಟ್ಟುಕೊಡುವುದು ಜಾಣತನ.

ಹಂತ 3: ವಿನ್ಯಾಸ ಮಾಡಿ

ಫೋಟೋಶಾಪಿನಲ್ಲಿ 124 ಮಿ.ಮೀ. ಚೌಕದ ಹೊಸ ಫೈಲ್ ತೆರೆಯಿರಿ. 120ರ ಡಿಸ್ಕಿಗೆ 124 ಏಕೆಂದರೆ ಸುತ್ತಲೂ 2 ಮಿ.ಮೀ. ಬ್ಲೀಡ್ ಬೇಕು. ಮುದ್ರಣ ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಬಿಳಿ ಗೆರೆ ಕಾಣದಿರಲೆಂದು ಚಿತ್ರವನ್ನು ಹೊರಗೆ ಚಾಚಿಸುವುದಕ್ಕೆ ಬ್ಲೀಡ್ ಎನ್ನುತ್ತಾರೆ. ರೆಸಲ್ಯೂಶನ್ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ. ಈ ಲೆಕ್ಕದಲ್ಲಿ ಫೈಲ್ 1465 ಪಿಕ್ಸೆಲ್ ಚೌಕವಾಗುತ್ತದೆ. ಬೇರೆ ಅಳತೆ ಬೇಕಾದರೆ ಮಿಲಿಮೀಟರನ್ನು 25.4ರಿಂದ ಭಾಗಿಸಿ 300ರಿಂದ ಗುಣಿಸಿ: 118 ಮಿ.ಮೀ. ಎಂದರೆ 1394 ಪಿಕ್ಸೆಲ್, 46 ಎಂದರೆ 543, 23 ಎಂದರೆ 272.

ನಡುಬಿಂದುವಿಗೆ ಎರಡು ಗೈಡ್ ಗೆರೆ ಎಳೆದುಕೊಂಡು ಬೇರೆ ಲೇಯರಿನಲ್ಲಿ ನಾಲ್ಕು ವೃತ್ತ ಬರೆಯಿರಿ: 120 ಮಿ.ಮೀ. ಡಿಸ್ಕಿನ ಅಂಚಿಗೆ, 118 ಲೇಪನದ ಹೊರ ಅಂಚಿಗೆ, 110 ಅಕ್ಷರಗಳ ಗಡಿಗೆ, 23 ಅಥವಾ 46 ಒಳ ಅಂಚಿಗೆ. ಅಕ್ಷರ, ಲೋಗೋ ಯಾವುದೂ 110ರ ವೃತ್ತ ದಾಟಬಾರದು. ಅಂಚಿಗೆ ಒತ್ತಿಕೊಂಡ ಬರಹ ಅರ್ಧ ಮಿಲಿಮೀಟರ್ ಸರಿದರೂ ಕಣ್ಣಿಗೆ ರಾಚುತ್ತದೆ. ಈ ಫೈಲನ್ನು ಮಾದರಿಯಾಗಿ ಎತ್ತಿಡಿ, ಮುಂದಿನ ಗ್ರಾಹಕರಿಗೆ ಫೋಟೋ ಮತ್ತು ಹೆಸರು ಬದಲಿಸಿದರೆ ಮುಗಿಯಿತು.

ಫೋಟೋ ಆರಿಸುವಾಗ ನಡುವೆ ತೂತಿದೆ ಎಂಬುದನ್ನು ಮರೆಯಬೇಡಿ. ಚೌಕದಲ್ಲಿ ಚೆಂದ ಕಾಣುವ ಭಾವಚಿತ್ರ ಡಿಸ್ಕಿನಲ್ಲಿ ಮೂಗೇ ಇಲ್ಲದ ಮುಖವಾಗುತ್ತದೆ. ಮುಖಗಳು ತೂತಿನ ಮೇಲ್ಭಾಗಕ್ಕೋ ಒಂದು ಪಕ್ಕಕ್ಕೋ ಬರುವಂಥ, ಸುತ್ತ ಖಾಲಿ ಜಾಗವಿರುವ ಚಿತ್ರ ತೆಗೆದುಕೊಳ್ಳಿ. ಜೋಡಿಯ ಫೋಟೋವಾದರೆ ಇಬ್ಬರೂ ಎಡ ಅರ್ಧದಲ್ಲಿದ್ದು ಬಲಕ್ಕೆ ಹೆಸರು, ತಾರೀಖು ಬಂದರೆ ಹದವಾಗಿರುತ್ತದೆ. ಇಬ್ಬರ ನಡುವೆ ತೂತು ಬರುವಂತೆ ಕೂರಿಸಿದರೆ ಜೋಡಿಯನ್ನು ಬೇರೆ ಮಾಡಿದಂತೆ ಕಾಣುತ್ತದೆ, ಗ್ರಾಹಕರಿಗೂ ಅದು ಹಿಡಿಸುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಕೆಲವು ಡಿಸ್ಕುಗಳಲ್ಲಿ ಹಬ್ಬಿನ ಹತ್ತಿರ ತೆಳುವಾದ ತೋಡು ಸುತ್ತುವರಿದಿರುತ್ತದೆ. ಮುದ್ರಿಸಿದ ಮೇಲೆ ಅದು ಚಿತ್ರದಲ್ಲಿ ಸಣ್ಣ ವೃತ್ತವಾಗಿ ಎದ್ದು ಕಾಣುತ್ತದೆ. ಅಲ್ಲಿ ಕಣ್ಣೋ ತುಟಿಯೋ ಬರದಿರಲಿ.

ಅಕ್ಷರಗಳ ವಿಷಯಕ್ಕೆ ಬಂದರೆ, ಕನ್ನಡದಲ್ಲಿ ಹೆಸರು ಹಾಕುವವರು 9 ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ. ಇಂಗ್ಲಿಷ್ ಅಕ್ಷರ 7ರಲ್ಲೂ ಓದಲು ಬರುತ್ತದೆ, ನಮ್ಮ ಒತ್ತಕ್ಷರಗಳು ಆ ಗಾತ್ರದಲ್ಲಿ ಶಾಯಿ ಹರಡಿ ಮುಚ್ಚಿಹೋಗುತ್ತವೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರವಾದರೆ ಸುತ್ತಲಿನ ಶಾಯಿ ಒಳನುಗ್ಗುತ್ತದೆ, ಆಗ 10–11 ಪಾಯಿಂಟ್ ದಪ್ಪ ಅಕ್ಷರವೇ ಬೇಕು. ಫೋಟೋಶಾಪಿನಲ್ಲಿ ‘ಕೃಷ್ಣ’ ಎಂದು ಟೈಪಿಸಿದಾಗ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ಬಿಡಿಬಿಡಿಯಾಗಿ ನಿಂತರೆ ಫಾಂಟಿನ ತಪ್ಪಲ್ಲ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದಿರುವ ಆಯ್ಕೆಯನ್ನು, ಹೊಸ ಆವೃತ್ತಿಗಳಲ್ಲಾದರೆ ‘ವರ್ಲ್ಡ್-ರೆಡಿ ಲೇಔಟ್’ ಅನ್ನು ಆನ್ ಮಾಡಿ, ಹೊಸ ಫೈಲಿನಲ್ಲಿ ಟೈಪಿಸಿ. ಹೆಸರಿನ ಕಾಗುಣಿತವನ್ನು ಗ್ರಾಹಕರಿಗೆ ಕಳಿಸಿ ಒಪ್ಪಿಗೆ ಪಡೆದೇ ಮುಂದುವರಿಯಿರಿ.

ಹಂತ 4: ಬಣ್ಣ ಹದಗೊಳಿಸಿ

ಫೈಲನ್ನು ಆರ್‌ಜಿಬಿಯಲ್ಲೇ (ಕೆಂಪು, ಹಸಿರು, ನೀಲಿಯ ಅಂಕಿಗಳಲ್ಲಿ ಬಣ್ಣ ಹೇಳುವ ಕ್ರಮ), ಎಸ್‌ಆರ್‌ಜಿಬಿ ಪ್ರೊಫೈಲಿನಲ್ಲಿ ಇಡಿ. ಪ್ರೊಫೈಲ್ ಎಂದರೆ ಫೈಲಿನ ಅಂಕಿಗಳು ಯಾವ ಬಣ್ಣವೆಂದು ಯಂತ್ರಕ್ಕೆ ತಿಳಿಸುವ ಪಟ್ಟಿ. ‘ಮುದ್ರಣ ಎಂದ ಮೇಲೆ ಸಿಎಂವೈಕೆ ಬೇಡವೇ?’ ಎಂದು ಕೇಳುವವರಿದ್ದಾರೆ. ನಾಲ್ಕು ಶಾಯಿಗಳ ಲೆಕ್ಕದಲ್ಲಿ ಬಣ್ಣ ಹೇಳುವ ಆ ಕ್ರಮ ಆಫ್‌ಸೆಟ್ ಪ್ರೆಸ್ಸಿಗೆ. ಮೇಜಿನ ಮೇಲಿನ ಇಂಕ್‌ಜೆಟ್‌ನ ಡ್ರೈವರ್, ಅಂದರೆ ಕಂಪ್ಯೂಟರಿನಲ್ಲಿದ್ದು ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್, ಆರ್‌ಜಿಬಿಯನ್ನೇ ನಿರೀಕ್ಷಿಸುತ್ತದೆ, ಶಾಯಿಗಳ ಲೆಕ್ಕ ತಾನೇ ಮಾಡಿಕೊಳ್ಳುತ್ತದೆ.

ಡಿಸ್ಕಿನ ಮ್ಯಾಟ್ ಲೇಪನದಲ್ಲಿ ಶಾಯಿ ಫೋಟೋ ಪೇಪರಿಗಿಂತ ಹೆಚ್ಚು ಹರಡುತ್ತದೆ. ಹಾಗಾಗಿ ಪರದೆಯಲ್ಲಿ ಕಂಡದ್ದಕ್ಕಿಂತ ಮಂಕಾಗಿ, ಕಡುವಾಗಿ ಬರುತ್ತದೆ. ಫೋಟೋಶಾಪಿನ ಲೆವೆಲ್ಸ್‌ನಲ್ಲಿ ನಡುವಿನ ಗುಂಡಿಯನ್ನು 1.00ರಿಂದ 1.10 ಅಥವಾ 1.15ಕ್ಕೆ ಸರಿಸಿ ಪರೀಕ್ಷಾ ಮುದ್ರಣ ತೆಗೆದು ನೋಡಿ. ಡಿಸ್ಕಿನ ಕಂಪನಿ ಬದಲಾದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಡಿಸ್ಕ್ ಪೂರ್ತಿ ಗಾಢ ಕಪ್ಪು ಇರುವ ವಿನ್ಯಾಸಕ್ಕೆ ಯೋಚಿಸಿ ಕೈಹಾಕಿ. ಲೇಪನಕ್ಕೆ ಹೀರುವ ಮಿತಿ ಇದೆ. ಮಿತಿ ಮೀರಿದ ಶಾಯಿ ಮೇಲೆ ಕೆರೆಗಟ್ಟಿ ನಿಲ್ಲುತ್ತದೆ, ದಿನ ಕಳೆದರೂ ಅಂಟಂಟು ಬಿಡುವುದಿಲ್ಲ. ಅಪ್ಪಟ ಕಪ್ಪಿನ ಬದಲು ಸ್ವಲ್ಪ ಬೂದು ಬೆರೆತ ಕಪ್ಪು, ಆರ್‌ಜಿಬಿ ಅಂಕಿ 25ರ ಆಸುಪಾಸಿನದು, ಕಣ್ಣಿಗೆ ಕಪ್ಪೇ ಆಗಿ ಕಾಣುತ್ತದೆ, ಶಾಯಿ ಕಡಿಮೆ ಬೀಳುತ್ತದೆ.

ಹಂತ 5: ಮೊದಲು ಬರ್ನ್, ಆಮೇಲೆ ಪ್ರಿಂಟ್

ಈ ಕ್ರಮ ತಿರುಗಿಸಬೇಡಿ. ಮುದ್ರಿಸುವಾಗ ಓದುವ ಬದಿಗೆ ಒಂದು ಬೆರಳಚ್ಚೋ ಧೂಳೋ ತಗುಲಿದ್ದರೆ ಬರ್ನ್ ಅಲ್ಲೇ ಕೆಡುತ್ತದೆ, ಮುದ್ರಣದ ಶ್ರಮವೂ ಅದರ ಜೊತೆ ಹೋಗುತ್ತದೆ. ಪೂರ್ತಿ ಒಣಗದ ಡಿಸ್ಕನ್ನು ಬರ್ನರಿಗೆ ಹಾಕಿದರೆ ಒಳಗಿನ ಬಿಸಿಗೆ ಶಾಯಿಯ ತೇವ ಡ್ರೈವ್‌ನ ಮಸೂರಕ್ಕೆ ಕೂರಬಹುದು.

16ಎಕ್ಸ್ ಡಿವಿಡಿಯನ್ನು 8ಎಕ್ಸ್‌ನಲ್ಲಿ ಬರೆಯಿರಿ. ಡಿಸ್ಕನ್ನು ತುಟಿಯವರೆಗೆ ತುಂಬದೆ ಹೊರ ಅಂಚು ಸ್ವಲ್ಪ ಖಾಲಿ ಬಿಡಿ. ಬರಹ ಒಳಗಿನಿಂದ ಹೊರಕ್ಕೆ ಹೋಗುತ್ತದೆ, ದೋಷಗಳು ಹೆಚ್ಚು ಸೇರುವುದು ಹೊರ ಅಂಚಿನಲ್ಲೇ. ಬರ್ನ್ ಮುಗಿದ ಮೇಲೆ ‘ವೆರಿಫೈ’ ಆಯ್ಕೆ ಖಂಡಿತ ಇರಲಿ. ಬರೆದದ್ದನ್ನು ಮೂಲದೊಂದಿಗೆ ಹೋಲಿಸಿ ನೋಡುವ ಕೆಲಸ ಅದು. ವೆರಿಫೈ ದಾಟಿದ ಡಿಸ್ಕಿಗೆ ಮಾತ್ರ ಶಾಯಿ ಖರ್ಚು ಮಾಡಿ.

ಹಂತ 6: ಪ್ರಿಂಟರ್ ಸಿದ್ಧಮಾಡಿ, ನಡುಬಿಂದು ಹೊಂದಿಸಿ

ನಾಜಲ್ ಚೆಕ್ ಮಾಡಿ. ಶಾಯಿ ಚಿಮ್ಮುವ ಸೂಕ್ಷ್ಮ ರಂಧ್ರಗಳೆಲ್ಲ ತೆರೆದಿವೆಯೇ ಎಂದು ತೋರಿಸುವ ಗೆರೆಗಳ ಮುದ್ರಣ ಇದು. ಗೆರೆ ತುಂಡಾಗಿದ್ದರೆ ಒಂದು ಸಲ ಹೆಡ್ ಕ್ಲೀನಿಂಗ್ ಮಾಡಿ ಮತ್ತೆ ನೋಡಿ. ಕಾಗದದಲ್ಲಾದರೆ ಹಾಳೆ ಹರಿದು ಎಸೆಯಬಹುದು, ಇಲ್ಲಿ ಬರ್ನ್ ಆದ ಡಿಸ್ಕೇ ಹಾಳಾಗುತ್ತದೆ.

ಮುದ್ರಿಸುವಾಗ ಟ್ರೇ ಪ್ರಿಂಟರಿನ ಹಿಂಬದಿಯಿಂದ ಹೊರಬರಬಹುದು. ಗೋಡೆಗೂ ಪ್ರಿಂಟರಿಗೂ ಕನಿಷ್ಠ 10 ಸೆಂ.ಮೀ. ಅಂತರವಿರಲಿ. ಟ್ರೇ ಮೇಲಿರುವ ಬಿಳಿ ಅಥವಾ ಹೊಳೆಯುವ ಸಣ್ಣ ಗುರುತುಗಳನ್ನು ಬಟ್ಟೆಯಿಂದ ಒರೆಸಿ. ಅವುಗಳನ್ನು ನೋಡಿಯೇ ಪ್ರಿಂಟರ್ ಡಿಸ್ಕ್ ಎಲ್ಲಿದೆ ಎಂದು ತಿಳಿಯುತ್ತದೆ. ಅಲ್ಲಿ ಶಾಯಿಯ ಕಲೆ ಕೂತರೆ ‘ಡಿಸ್ಕ್ ಇಲ್ಲ’ ಎನ್ನುತ್ತದೆ, ಇಲ್ಲವೇ ಚಿತ್ರವನ್ನು ಪಕ್ಕಕ್ಕೆ ಹೊಡೆಯುತ್ತದೆ. ಪ್ರಿಂಟರ್ ಆನ್ ಮಾಡುವಾಗ, ಆಫ್ ಮಾಡುವಾಗ ಟ್ರೇ ಒಳಗಿರಬಾರದು.

ಇನ್ನು ನಡುಬಿಂದು. ಹೊಸ ಪ್ರಿಂಟರಿನಲ್ಲಿ ಮೊದಲ ಮುದ್ರಣ ಅಪರೂಪಕ್ಕೆ ಮಾತ್ರ ನೂರಕ್ಕೆ ನೂರು ನಡುವೆ ಕೂರುತ್ತದೆ. ಸರಿಪಡಿಸಲು 110 ಮಿ.ಮೀ. ವ್ಯಾಸದ ಒಂದು ತೆಳು ಗೆರೆಯ ವೃತ್ತವನ್ನು ಮಾತ್ರ ಕೆಟ್ಟ ಡಿಸ್ಕಿನ ಮೇಲೆ ಮುದ್ರಿಸಿ. ತೆಗೆಯುವ ಮುಂಚೆ ಟ್ರೇಯ ಮುಂಬದಿ ಯಾವುದೆಂದು ಡಿಸ್ಕಿನ ಮೇಲೆ ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಕೈಗೆ ಬಂದ ಮೇಲೆ ಎಡ ಯಾವುದು ಬಲ ಯಾವುದು ಗೊತ್ತಾಗುವುದಿಲ್ಲ. ಎಲ್ಲ ಸರಿಯಿದ್ದರೆ ಗೆರೆಯಿಂದ ಅಂಚಿಗೆ ನಾಲ್ಕೂ ಕಡೆ 5 ಮಿ.ಮೀ. ಇರಬೇಕು. ಎಡಕ್ಕೆ 5.4, ಬಲಕ್ಕೆ 4.6 ಬಂದಿದೆ ಎನ್ನಿ. ವ್ಯತ್ಯಾಸ 0.8, ಅದರ ಅರ್ಧ 0.4. ಚಿತ್ರ ಬಲಕ್ಕೆ 0.4 ಸರಿದಿದೆ, ಅದನ್ನು ಎಡಕ್ಕೆ 0.4 ತಳ್ಳಬೇಕು. ಮೇಲೆ ಕೆಳಗೂ ಇದೇ ಲೆಕ್ಕ. ವ್ಯತ್ಯಾಸವನ್ನು ಅರ್ಧ ಮಾಡದೆ ಪೂರ್ತಿ ತುಂಬಿ, ಚಿತ್ರ ಈಗ ಆ ಕಡೆಗೆ ಹೋಯಿತೆಂದು ಗೊಂದಲಕ್ಕೆ ಬೀಳುವವರು ಹೆಚ್ಚು. ಈ ಅಂಕಿಗಳನ್ನು ಸಾಫ್ಟ್‌ವೇರಿನ ‘ಪ್ರಿಂಟ್ ಪೊಸಿಷನ್’ ಹೊಂದಾಣಿಕೆಯಲ್ಲಿ ತುಂಬಿ, ಇನ್ನೊಂದು ಕೆಟ್ಟ ಡಿಸ್ಕಿನಲ್ಲಿ ಪರೀಕ್ಷಿಸಿ, ಕೊನೆಯ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಪ್ರಿಂಟರಿಗೇ ಅಂಟಿಸಿಡಿ. ಸಾಫ್ಟ್‌ವೇರ್ ಮತ್ತೆ ಹಾಕಬೇಕಾಗಿ ಬಂದ ದಿನ ಆ ಚೀಟಿ ಕೈಹಿಡಿಯುತ್ತದೆ.

ಹಂತ 7: ಮುದ್ರಿಸಿ

ವಿನ್ಯಾಸದಲ್ಲಿನ ಗೈಡ್ ವೃತ್ತಗಳ ಲೇಯರ್ ಆಫ್ ಮಾಡಿ, ಉನ್ನತ ಗುಣಮಟ್ಟದ ಜೆಪೆಗ್ ಆಗಿ ಉಳಿಸಿ. ನಡುವಿನ ತೂತನ್ನು ನೀವು ಕತ್ತರಿಸಬೇಕಿಲ್ಲ. ಪೂರ್ತಿ ಚೌಕ ಕೊಡಿ, ವ್ಯಾಸದ ಅಂಕಿಗಳಂತೆ ಸಾಫ್ಟ್‌ವೇರೇ ಕತ್ತರಿಸಿಕೊಳ್ಳುತ್ತದೆ.

ಡಿಸ್ಕನ್ನು ಅಂಚು ಮತ್ತು ತೂತಿನಲ್ಲಿ ಮಾತ್ರ ಹಿಡಿದು, ಬಿಳಿ ಬದಿ ಮೇಲಾಗಿ ಟ್ರೇಯಲ್ಲಿ ಕೂರಿಸಿ. ಬಿಳಿ ಲೇಪನಕ್ಕೆ ಬೆರಳು ತಾಗಿದರೆ ಚರ್ಮದ ಎಣ್ಣೆ ಕೂತ ಜಾಗದಲ್ಲಿ ಶಾಯಿ ಹಿಡಿಯುವುದಿಲ್ಲ, ಮುದ್ರಣದಲ್ಲಿ ನಿಮ್ಮ ಹೆಬ್ಬೆರಳಿನ ಗೆರೆಗಳೇ ಮೂಡುತ್ತವೆ. ನಡುವೆ ಮೆಲ್ಲಗೆ ಒತ್ತಿ, ಡಿಸ್ಕ್ ಎಲ್ಲೂ ಎದ್ದಿಲ್ಲ ಎಂದು ಟ್ರೇಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಎದ್ದ ಡಿಸ್ಕಿಗೆ ಪ್ರಿಂಟ್ ಹೆಡ್ ಉಜ್ಜಿದರೆ ಎರಡಕ್ಕೂ ಹಾನಿ. ಹಬ್ಬಿನ ಹತ್ತಿರ ಕಂಪನಿಯ ಸಣ್ಣ ಅಕ್ಷರಗಳಿದ್ದರೆ ಅವು ನಿಮ್ಮ ಬರಹದ ದಿಕ್ಕಿಗೇ ನೇರವಾಗಿ ಬರುವಂತೆ ತಿರುಗಿಸಿಡಿ. ಇಷ್ಟು ಸಣ್ಣ ವಿಷಯಕ್ಕೆ ಕೆಲಸದ ಅಚ್ಚುಕಟ್ಟುತನ ತಿಳಿಯುತ್ತದೆ.

ಡ್ರೈವರಿನಲ್ಲಿ ನಾಲ್ಕು ಸಂಗತಿ ನೋಡಿ. ಪೇಪರ್ ಸೋರ್ಸ್ ‘ಸಿಡಿ/ಡಿವಿಡಿ’ ಇರಲಿ. ಮೀಡಿಯಾ ಟೈಪ್, ಅಂದರೆ ಎಷ್ಟು ಶಾಯಿ ಬಿಡಬೇಕೆಂದು ಹೇಳುವ ಆಯ್ಕೆ, ಮ್ಯಾಟ್‌ಗೆ ‘ಸಿಡಿ/ಡಿವಿಡಿ’, ಎಪ್ಸನ್‌ನಲ್ಲಿ ಗ್ಲಾಸಿಗೆ ‘ಪ್ರೀಮಿಯಂ ಸರ್ಫೇಸ್’. ಕ್ಯಾನನ್‌ನಲ್ಲಿ ‘ಪ್ರಿಂಟೆಬಲ್ ಡಿಸ್ಕ್’ ಎಂದಿರುತ್ತದೆ. ಇಲ್ಲಿ ಫೋಟೋ ಪೇಪರ್ ಎಂದು ಕೊಟ್ಟರೆ ಶಾಯಿ ಸುರಿದು ಚಿತ್ರ ಕದಡುತ್ತದೆ. ಮೂರನೆಯದು ಬಣ್ಣದ ನಿರ್ವಹಣೆ: ಒಂದೋ ಡ್ರೈವರ್ ಮಾಡಲಿ, ಇಲ್ಲವೇ ಫೋಟೋಶಾಪ್ ಮಾಡಲಿ. ಎರಡೂ ಮಾಡಿದರೆ ತಿದ್ದಿದ್ದನ್ನೇ ಮತ್ತೆ ತಿದ್ದಿದಂತಾಗಿ ಮುಖಗಳು ಕೆಂಪಗೆ ತಿರುಗುತ್ತವೆ. ಕೊನೆಯದಾಗಿ, ಹೈ ಸ್ಪೀಡ್ ಅಥವಾ ಬೈ-ಡೈರೆಕ್ಷನಲ್ ಆಫ್ ಇರಲಿ. ಹೆಡ್ ಒಂದೇ ದಿಕ್ಕಿನಲ್ಲಿ ಸಾಗುವಾಗ ಮುದ್ರಿಸುವುದರಿಂದ ಗೆರೆಗಳು ಕಡಿಮೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ.

ಪ್ರಿಂಟರ್ ಕೇಳಿದ ಮೇಲೆಯೇ ಟ್ರೇಯನ್ನು ಬಾಣದ ಗುರುತುಗಳು ಸೇರುವವರೆಗೆ ನೇರವಾಗಿ ತಳ್ಳಿ. ಮುದ್ರಣ ಅರ್ಧಕ್ಕೆ ನಿಂತರೆ ಅದೇ ಡಿಸ್ಕಿನ ಮೇಲೆ ಎರಡನೇ ಸಲ ಮುದ್ರಿಸುವ ಆಸೆ ಬೇಡ. ಡಿಸ್ಕ್ ಟ್ರೇಯಲ್ಲಿ ಒಂದಿಷ್ಟು ತಿರುಗಿದರೂ ಮೊದಲಿನ ಚಿತ್ರಕ್ಕೂ ಎರಡನೆಯದಕ್ಕೂ ತಾಳೆಯಾಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣದ ಜೊತೆ ಲೇಪನವೂ ಕೆಡುತ್ತದೆ. ಇನ್ನೊಂದು ಪ್ರತಿ ಬರ್ನ್ ಮಾಡುವುದೇ ಲೇಸು.

ಹಂತ 8: ಒಣಗಿಸಿ

ಕೆಲವೇ ನಿಮಿಷದಲ್ಲಿ ಮುಟ್ಟಿದರೆ ಒಣಗಿದಂತೆ ಅನಿಸುತ್ತದೆ. ನಂಬಬೇಡಿ. 24 ಗಂಟೆ, ಬಿಸಿಲು ಬೀಳದ, ಧೂಳಿಲ್ಲದ ಜಾಗದಲ್ಲಿ, ಒಂದರ ಮೇಲೊಂದು ಪೇರಿಸದೆ ಹರಡಿಡಿ. ಮಳೆಗಾಲದಲ್ಲಿ, ತೇವದ ಕೋಣೆಯಲ್ಲಿ ಇನ್ನೂ ಅರ್ಧ ದಿನ ಸೇರಿಸಿ. ಫ್ಯಾನಿನ ಗಾಳಿ ಸಾಕು. ಹೇರ್ ಡ್ರೈಯರ್ ಹಿಡಿದರೆ ಡಿಸ್ಕ್ ಬಾಗುತ್ತದೆ, ಬರ್ನ್ ಆದ ಮಾಹಿತಿಯ ಪದರಕ್ಕೂ ಬಿಸಿ ಆಗಿಬರುವುದಿಲ್ಲ. ಗ್ರಾಹಕರಿಗೆ ತಾರೀಖು ಹೇಳುವಾಗಲೇ ಈ ಒಂದು ದಿನವನ್ನು ಲೆಕ್ಕಕ್ಕೆ ಹಿಡಿದಿರಿ. ಇಲ್ಲದಿದ್ದರೆ ಅವಸರ ಬಿದ್ದು ಹಸಿ ಡಿಸ್ಕನ್ನೇ ಕವರಿಗೆ ತುರುಕಬೇಕಾಗುತ್ತದೆ.

ಹೊಳಪು ಬರಲೆಂದು ಮೇಲೆ ವಾರ್ನಿಷ್ ಸ್ಪ್ರೇ ಹೊಡೆಯುವ ರೂಢಿ ಕೆಲವರಲ್ಲಿದೆ. ಅದರಲ್ಲಿರುವ ದ್ರಾವಕ ಸಿಡಿಯ ಲ್ಯಾಕರನ್ನು ತಿನ್ನಬಹುದು, ದಪ್ಪ ಒಂದೇ ಸಮ ಇರುವುದಿಲ್ಲ, ಹನಿ ಅಂಚು ದಾಟಿ ಓದುವ ಬದಿಗೂ ಹೋಗಬಹುದು. ಹೊಳಪು ಬೇಕಿದ್ದರೆ ಗ್ಲಾಸಿ ಡಿಸ್ಕನ್ನೇ ಕೊಳ್ಳಿ.

ಹಂತ 9: ಓದಿಸಿ ನೋಡಿ, ಕವರ್‌ಗೆ ಹಾಕಿ

ಒಣಗಿದ ಮೇಲೆ ಬರ್ನ್ ಮಾಡಿದ ಡ್ರೈವ್ ಬಿಟ್ಟು ಬೇರೊಂದರಲ್ಲಿ ಹಾಕಿ, ಮೊದಲ ಮತ್ತು ಕೊನೆಯ ಫೋಲ್ಡರಿನಿಂದ ಕೆಲವು ಫೋಟೋ ತೆರೆಯಿರಿ. ಬರೆದ ಡ್ರೈವ್ ತನ್ನದೇ ಬರಹವನ್ನು ಸುಲಭವಾಗಿ ಓದುತ್ತದೆ, ಗ್ರಾಹಕರ ಡ್ರೈವ್ ಅಷ್ಟು ಉದಾರಿಯಾಗಿರಬೇಕೆಂದಿಲ್ಲ.

ಮೆತ್ತನೆ ಪಿವಿಸಿ ಪೌಚುಗಳನ್ನು ಬಳಸಬೇಡಿ, ತಿಂಗಳು ಕಳೆದ ಮೇಲೆ ಮುದ್ರಣ ಅದಕ್ಕೆ ಅಂಟಿಕೊಳ್ಳುತ್ತದೆ. ಡಿಸ್ಕಿನ ಮುಖಕ್ಕೆ ಏನೂ ತಾಗದ ಗಟ್ಟಿ ಡಬ್ಬಿಯೇ ಒಳ್ಳೆಯದು. ಅದಕ್ಕೊಂದು ಹೊಂದುವ ಕಾಗದದ ಕವರ್ ಮಾಡುವುದಾದರೆ ಡಿವಿಡಿ ಡಬ್ಬಿಗೆ 273×184 ಮಿ.ಮೀ., ನಡುವಿನ ಬೆನ್ನಿನ ಪಟ್ಟಿ 14 ಮಿ.ಮೀ. ಸಿಡಿಯ ಗಾಜಿನಂಥ ಡಬ್ಬಿಯ ಮುಂಬದಿಗೆ 120×120 ಮಿ.ಮೀ.

ಮುದ್ರಣ ಕೈಕೊಟ್ಟಾಗ

ಚಿತ್ರದಲ್ಲಿ ಸಮಾನ ಅಂತರದ ಅಡ್ಡ ಗೆರೆಗಳು ಬಂದರೆ ನಾಜಲ್ ಕಟ್ಟಿದೆ, ಹೆಡ್ ಕ್ಲೀನಿಂಗ್ ಮಾಡಿ. ಅದೂ ಸಾಲದಿದ್ದರೆ ಹೆಡ್ ಅಲೈನ್‌ಮೆಂಟ್ ನೋಡಿ. ಬಣ್ಣ ಎರಡು ದಿನವಾದರೂ ಕೈಗೆ ಹತ್ತುತ್ತಿದ್ದರೆ ಒಂದೋ ಮೀಡಿಯಾ ಟೈಪ್ ತಪ್ಪು, ಇಲ್ಲವೇ ಡಿಸ್ಕಿನ ಲೇಪನ ಕಳಪೆ. ಅದೇ ಚಿತ್ರವನ್ನು ಬೇರೆ ಕಂಪನಿಯ ಡಿಸ್ಕಿನಲ್ಲಿ ತೆಗೆದು ನೋಡಿದರೆ ಯಾವುದೆಂದು ತಿಳಿಯುತ್ತದೆ. ಒಂದು ಅಂಚಿನಲ್ಲಿ ಮಾತ್ರ ಬಾಲಚಂದ್ರನಂತೆ ಬಿಳಿ ಉಳಿದರೆ ನಡುಬಿಂದು ಸರಿದಿದೆ, ಆರನೇ ಹಂತಕ್ಕೆ ಹೋಗಿ. ಮೊನ್ನೆಯವರೆಗೆ ಸರಿಯಿದ್ದದ್ದು ಇಂದು ಸರಿದಿದ್ದರೆ ಅಂಕಿ ಮುಟ್ಟುವ ಮುಂಚೆ ಟ್ರೇಯ ಗುರುತುಗಳನ್ನು ಒರೆಸಿ. ಮುಖಗಳು ಹಸಿರಿಗೋ ಕೆಂಪಿಗೋ ವಾಲಿದ್ದರೆ ನಾಜಲ್ ಚೆಕ್‌ನಲ್ಲಿ ಒಂದು ಬಣ್ಣ ಪೂರ್ತಿ ಕಾಣೆಯಾಗಿದೆಯೇ ಎಂದು ಮೊದಲು ನೋಡಿ, ಆಮೇಲೆ ಬಣ್ಣದ ನಿರ್ವಹಣೆಯ ಕಡೆಗೆ ಬನ್ನಿ.

ಮುದ್ರಣವಾದ ಮೇಲೆ ಪ್ರತಿ ಸಂಖ್ಯೆಯನ್ನೋ ಸಹಿಯನ್ನೋ ಕೈಯಲ್ಲಿ ಬರೆಯಬೇಕೆನಿಸಿದರೆ ಬಾಲ್‌ಪೆನ್ ಬೇಡ, ಅದರ ತುದಿಯ ಒತ್ತಡಕ್ಕೆ ಸಿಡಿಯ ಪದರ ತಾಳುವುದಿಲ್ಲ. ನೀರು ಆಧಾರಿತ ಶಾಯಿಯ, ಮೆತ್ತನೆ ತುದಿಯ ಡಿಸ್ಕ್ ಮಾರ್ಕರಿನಲ್ಲಿ, ಹಬ್ಬಿನ ಪಾರದರ್ಶಕ ಉಂಗುರದ ಮೇಲೆ ಬರೆಯಿರಿ. ಅಲ್ಲಿ ಮಾಹಿತಿ ಇರುವುದಿಲ್ಲ.